ಸಿಗಡಿ ಹೊಂಡಕ್ಕೆ ರೋಗ ಬಾರದಂತೆ ಕಾಯುವುದು ಹೇಗೆ: ಕರಾವಳಿಯ ಬೆಳೆಗಾರರಿಗೆ ಒಂದು ಮಾರ್ಗದರ್ಶಿ

ನಮ್ಮ ದೇಶದಲ್ಲಿ ಸಾಕುವ ಚಿಪ್ಪುಜೀವಿಗಳಲ್ಲಿ ಹೆಚ್ಚು ಹಣ ತಂದಿರುವುದು ಸಿಗಡಿ. ರೋಗದಿಂದ ಹೆಚ್ಚು ಮನೆಗಳನ್ನು ಸಾಲಕ್ಕೆ ನೂಕಿರುವುದೂ ಸಿಗಡಿಯೇ. 1992ರ ಹೊತ್ತಿಗೆ ತೈವಾನಿನಲ್ಲಿ ಕಾಣಿಸಿಕೊಂಡ ಬಿಳಿ ಚುಕ್ಕೆ ರೋಗ 1994ರಲ್ಲಿ ಭಾರತದ ಪೂರ್ವ ಕರಾವಳಿಯನ್ನು ಮುಟ್ಟಿ, ಅಲ್ಲಿಂದ ಪಶ್ಚಿಮ ಕರಾವಳಿಗೂ ಬಂದಿತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯಾ ಕರುಣಾಸಾಗರ್ ಅವರ ತಂಡ ಪಶ್ಚಿಮ ಕರಾವಳಿಯಲ್ಲಿ ಈ ರೋಗದ ಸ್ವರೂಪವನ್ನು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿತು. ಅಂದಿನಿಂದ ಇಂದಿನವರೆಗೆ ಪರೀಕ್ಷೆಯ ವಿಧಾನಗಳು ಎಷ್ಟೋ ಸುಧಾರಿಸಿವೆ, ಸಾಕುವ ಸಿಗಡಿಯ ಜಾತಿಯೇ ಬದಲಾಗಿದೆ. ಆದರೆ ಹೊಂಡದೊಳಗೆ ಒಮ್ಮೆ ಹೊಕ್ಕ ಬಿಳಿ ಚುಕ್ಕೆ ವೈರಸ್ಸನ್ನು ಗುಣಪಡಿಸುವ ಔಷಧಿ ಮಾತ್ರ ಇನ್ನೂ ಬಂದಿಲ್ಲ.

ಈ ಮಾತನ್ನು ಮೊದಲೇ ಒತ್ತಿ ಹೇಳಲು ಕಾರಣವಿದೆ. ಹೊಂಡದಲ್ಲಿ ಸಿಗಡಿ ಸಾಯಲು ತೊಡಗಿದಾಗ ಯಾರಾದರೊಬ್ಬರು ಡಬ್ಬಿ ಹಿಡಿದು ಬಂದೇ ಬರುತ್ತಾರೆ. ಪ್ರತಿಜೈವಿಕಗಳು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತವೆಯೇ ಹೊರತು ವೈರಸ್ಸಿನ ಮೇಲಲ್ಲ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಬಳಕೆಯನ್ನಂತೂ ಜಲಕೃಷಿಯಲ್ಲಿ ಸಂಪೂರ್ಣ ನಿಷೇಧಿಸಲಾಗಿದೆ, ಅವುಗಳ ಅಂಶ ಸಿಕ್ಕ ಸರಕನ್ನು ಹೊರದೇಶಗಳು ಬಂದರಿನಿಂದಲೇ ಹಿಂದಿರುಗಿಸುತ್ತವೆ. ನಮ್ಮಂತೆ ಒಮ್ಮೆ ಬಂದ ರೋಗವನ್ನು ನೆನಪಿಟ್ಟು ಪ್ರತಿಕಾಯ ತಯಾರಿಸುವ ಶಕ್ತಿ ಸಿಗಡಿಗೆ ಇಲ್ಲದ ಕಾರಣ, ಕೋಳಿಗೆ ಹಾಕುವಂಥ ಲಸಿಕೆಯೂ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಬೆಳೆಗಾರನ ಕೈಯಲ್ಲಿ ಉಳಿಯುವುದು ಎರಡೇ ಕೆಲಸ: ರೋಗಾಣು ಒಳಗೆ ಬರುವ ದಾರಿಗಳನ್ನು ಮುಚ್ಚುವುದು, ಮತ್ತು ಅದು ಬಂದೇ ಬಿಟ್ಟರೆ ತನ್ನ ಹೊಂಡದಿಂದ ಹೊರಗೆ ಹೋಗದಂತೆ ತಡೆಯುವುದು. ಜೈವಿಕ ಸುರಕ್ಷತೆಯೆಂದರೆ ಇಷ್ಟೇ. ಮೊದಲನೆಯದನ್ನು ಹಲವರು ತಕ್ಕಮಟ್ಟಿಗೆ ಮಾಡುತ್ತಾರೆ. ಎರಡನೆಯದನ್ನು ಮಾಡುವವರು ಕಡಿಮೆ, ಮತ್ತು ಒಂದೇ ಹೊಳೆಯ ನೀರನ್ನು ಹತ್ತಾರು ಮಂದಿ ಹಂಚಿಕೊಳ್ಳುವ ನಮ್ಮ ಕರಾವಳಿಯಲ್ಲಿ ಇಡೀ ಊರಿನ ಬೆಳೆ ಹೋಗುವುದು ಈ ಎರಡನೆಯ ಲೋಪದಿಂದಲೇ.

ಯಾವ ರೋಗ, ಹೇಗೆ ಬರುತ್ತದೆ

ಎಲ್ಲ ರೋಗಗಳನ್ನೂ ಕಲಿಯುವ ಅಗತ್ಯವಿಲ್ಲ. ಮೂರನ್ನು ಚೆನ್ನಾಗಿ ತಿಳಿದುಕೊಂಡರೆ ಮುಂದೆ ಹೇಳುವ ಕ್ರಮಗಳಿಗೆ ಕಾರಣ ತಾನಾಗಿಯೇ ಅರ್ಥವಾಗುತ್ತದೆ.

ಮೊದಲನೆಯದು ಬಿಳಿ ಚುಕ್ಕೆ ರೋಗ. ಸಿಗಡಿ ಮೇವು ಬಿಡುತ್ತದೆ, ಹಗಲಿನಲ್ಲೇ ದಂಡೆಯ ಬದಿಗೆ ಬಂದು ಮಂಕಾಗಿ ನಿಲ್ಲುತ್ತದೆ, ಮೈ ಕೆಂಪೇರುತ್ತದೆ, ತಲೆಯ ಚಿಪ್ಪು ಸಡಿಲವಾಗುತ್ತದೆ. ರೋಗಲಕ್ಷಣ ಕಂಡ ಮೂರರಿಂದ ಹತ್ತು ದಿನಗಳೊಳಗೆ ಹೊಂಡ ಪೂರ್ತಿ ಖಾಲಿಯಾಗಬಹುದು. ಈ ವೈರಸ್ಸಿಗೆ ಸಿಗಡಿಯೇ ಬೇಕೆಂದಿಲ್ಲ. ಏಡಿ, ಕಾಡುಸಿಗಡಿ, ಕಲ್ಲುಸಿಗಡಿ ಮೊದಲಾದ ಹತ್ತು ಕಾಲಿನ ಜೀವಿಗಳಲ್ಲಿ ಹೆಚ್ಚಿನವು ಇದನ್ನು ಹೊತ್ತು ತಿರುಗಬಲ್ಲವು. ಹಲವು ಏಡಿಗಳು ತಾವು ಸಾಯದೆ, ಕಾಯಿಲೆಯ ಗುರುತನ್ನೂ ತೋರದೆ ಹೊರುತ್ತವೆ. ಈ ವೈರಸ್ಸಿನಿಂದ ಮನುಷ್ಯರಿಗೆ ಯಾವ ತೊಂದರೆಯೂ ಇಲ್ಲ.

ಎರಡನೆಯದು ಬೆಳೆಗಾರರೆಲ್ಲ ಇಎಚ್‌ಪಿ ಎಂದೇ ಕರೆಯುವ ಸೂಕ್ಷ್ಮ ಪರೋಪಜೀವಿ. ಇದನ್ನು 2009ರಲ್ಲಿ ಥಾಯ್ಲೆಂಡಿನ ಸಿಗಡಿಯಲ್ಲಿ ಗುರುತಿಸಿ ಹೆಸರಿಡಲಾಯಿತು. ಇದು ಸಿಗಡಿಯನ್ನು ತಟ್ಟನೆ ಕೊಲ್ಲುವುದಿಲ್ಲ, ಬೆಳೆಯಲು ಬಿಡುವುದಿಲ್ಲ. ತಿಂಗಳುಗಟ್ಟಲೆ ಮೇವು ಹಾಕಿದರೂ ತೂಕ ಏರುವುದಿಲ್ಲ. ಒಂದೇ ಹೊಂಡದಲ್ಲಿ ದೊಡ್ಡದು, ಸಣ್ಣದು ಬೆರೆತು ಕಾಣುತ್ತವೆ. ಕೆಲವೊಮ್ಮೆ ಬಿಳಿ ದಾರದಂಥ ಹಿಕ್ಕೆ ನೀರಿನ ಮೇಲೆ ತೇಲುತ್ತದೆ. ಸಿಗಡಿಯಿಂದ ಸಿಗಡಿಗೆ ನೇರವಾಗಿ, ಹಿಕ್ಕೆ ಮತ್ತು ಸತ್ತ ಸಿಗಡಿಯನ್ನು ತಿನ್ನುವುದರ ಮೂಲಕ ಹರಡುತ್ತದೆ, ನಡುವೆ ಇನ್ನೊಂದು ಜೀವಿಯ ನೆರವು ಬೇಕಿಲ್ಲ. ಇದರ ಬೀಜಾಣು ಬಹಳ ಗಟ್ಟಿ. ಬಿಸಿಲಿಗೆ ಒಣಗಿಸಿದರೆ ಸಾಯುತ್ತದೆ ಎಂದು ನಂಬಿ ಕುಳಿತವರು ಮುಂದಿನ ಬೆಳೆಯಲ್ಲಿಯೂ ಇದನ್ನೇ ಕಂಡಿದ್ದಾರೆ.

ಮೂರನೆಯದು ಎಎಚ್‌ಪಿಎನ್‌ಡಿ. ಮರಿ ಬಿಟ್ಟ ಮೊದಲ ತಿಂಗಳಿನಲ್ಲೇ ಸಾಮೂಹಿಕ ಸಾವು ತರುವ ಕಾರಣ ಇದಕ್ಕೆ ಅಕಾಲ ಮರಣದ ಕಾಯಿಲೆ ಎಂಬ ಹೆಸರೂ ಬಂದಿತು. 2009ರ ಸುಮಾರಿಗೆ ಚೀನಾದಲ್ಲಿ ಶುರುವಾಗಿ ವಿಯೆಟ್ನಾಂ, ಥಾಯ್ಲೆಂಡುಗಳನ್ನು ನಡುಗಿಸಿದ ಇದಕ್ಕೆ ಕಾರಣ, ವಿಷ ಉತ್ಪಾದಿಸುವ ಜೀನುಗಳನ್ನು ಪಡೆದುಕೊಂಡ ವಿಬ್ರಿಯೊ ಬ್ಯಾಕ್ಟೀರಿಯಾದ ತಳಿ ಎಂಬುದು 2013ರಲ್ಲಿ ತಿಳಿಯಿತು. ಆರೋಗ್ಯವಂತ ಸಿಗಡಿಯ ತಲೆಯೊಳಗೆ ಕಂದು ಬಣ್ಣದಲ್ಲಿ ತುಂಬಿಕೊಂಡಿರುವ ಜೀರ್ಣಗ್ರಂಥಿ ಈ ಕಾಯಿಲೆಯಲ್ಲಿ ಬಿಳಿಚಿಕೊಂಡು ಕುಗ್ಗಿರುತ್ತದೆ, ಕರುಳು ಖಾಲಿಯಾಗಿರುತ್ತದೆ.

ಹೊಂಡದ ಸಿದ್ಧತೆ

ಹಿಂದಿನ ಬೆಳೆಯ ರೋಗ ಮುಂದಿನ ಬೆಳೆಗೆ ದಾಟುವುದು ಕೆಸರಿನ ಮೂಲಕ. ಬಿಳಿ ಚುಕ್ಕೆ ವೈರಸ್ ಬಿಸಿಲಿಗೊಡ್ಡಿದ ಕೆಸರಿನಲ್ಲೂ ಮೂರು ವಾರಗಳ ಹತ್ತಿರ ಉಳಿಯಬಲ್ಲದು, ನೀರು ನಿಂತ ಕೆಸರಿನಲ್ಲಿ ಅದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ ಎಂಬುದು ನಮ್ಮ ದೇಶದಲ್ಲೇ ನಡೆದ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದ್ದರಿಂದ ಕೊಯ್ಲಾದ ವಾರದೊಳಗೆ ಮತ್ತೆ ನೀರು ತುಂಬಿ ಮರಿ ಬಿಡುವ ಅವಸರ ಬೇಡ. ನೀರನ್ನು ಪೂರ್ತಿ ತೆಗೆದು, ಮೇವು ಮತ್ತು ಹಿಕ್ಕೆ ಸೇರಿ ಕಪ್ಪಾದ ಮೇಲ್ಪದರವನ್ನು ಎತ್ತಿ ದಂಡೆಯಾಚೆ, ಮಳೆಗೆ ಮತ್ತೆ ಹೊಂಡಕ್ಕೆ ಇಳಿಯದ ಜಾಗಕ್ಕೆ ಹಾಕಿ, ಉಳಿದ ಮಣ್ಣು ಬಿರುಕು ಬಿಡುವ ತನಕ ಒಣಗಿಸಬೇಕು. ಮೂಲೆಯ ಹಳ್ಳ, ತೂಬಿನ ಬುಡ, ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಯಂತ್ರ ತೋಡಿದ ಗುಂಡಿಗಳಲ್ಲಿ ನಿಂತ ಗೇಣು ನೀರನ್ನು ಬಿಟ್ಟರೆ ಇಡೀ ಒಣಗಿಸುವ ಕೆಲಸ ಅರ್ಥ ಕಳೆದುಕೊಳ್ಳುತ್ತದೆ, ಏಕೆಂದರೆ ಏಡಿಗಳೂ ಉಳಿದ ಸಿಗಡಿಗಳೂ ಸೇರಿಕೊಳ್ಳುವುದು ಅಲ್ಲಿಯೇ. ಅಂಥ ಕಡೆ ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲವನ್ನೂ ಕೊಲ್ಲಬೇಕು.

ಗಜನಿ ಭೂಮಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ನೆಲದಲ್ಲಿ, ಅದರಲ್ಲೂ ಹಿಂದೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದ ಜಾಗದಲ್ಲಿ ಹೊಂಡ ಮಾಡಿರುವವರು ಒಂದು ಎಚ್ಚರ ವಹಿಸಬೇಕು. ಅಂಥ ಮಣ್ಣು ಗಾಳಿಗೆ ತೆರೆದುಕೊಂಡು ಒಣಗಿದಾಗ ಆಮ್ಲೀಯವಾಗುತ್ತದೆ. ನೀರು ತುಂಬಿದೊಡನೆ ಪಿಎಚ್ ಕುಸಿಯುತ್ತದೆ. ಇಂಥ ಹೊಂಡಗಳಲ್ಲಿ ಒಣಗಿಸಿದ ಮೇಲೆ ಒಂದೆರಡು ಬಾರಿ ನೀರು ಹಾಯಿಸಿ ತೊಳೆದು, ಮಣ್ಣಿನ ಪಿಎಚ್ ಅಳೆದು, ಅದಕ್ಕೆ ತಕ್ಕಂತೆ ಸುಣ್ಣ ಹಾಕುವುದು ಸರಿ. ದಂಡೆಯ ಮಣ್ಣನ್ನು ಆಳವಾಗಿ ಕೆದಕಬಾರದು.

ಹಿಂದಿನ ಬೆಳೆಯಲ್ಲಿ ಇಎಚ್‌ಪಿ ಇತ್ತೆಂದಾದರೆ ಸಾಮಾನ್ಯ ಪ್ರಮಾಣದ ಸುಣ್ಣ ಸಾಲದು. ಥಾಯ್ಲೆಂಡಿನ ತಜ್ಞರು ಸೂಚಿಸಿ ಈಗ ಎಲ್ಲೆಡೆ ಅನುಸರಿಸುವ ಕ್ರಮವೆಂದರೆ, ಒಂದು ಹೆಕ್ಟೇರಿಗೆ 6 ಟನ್ ಸುಟ್ಟ ಸುಣ್ಣವನ್ನು ಒಣಗಿದ ಮಣ್ಣಿಗೆ ಹಾಕಿ, 10ರಿಂದ 12 ಸೆಂಟಿಮೀಟರ್ ಆಳಕ್ಕೆ ಉತ್ತು, ಬಳಿಕ ಮಣ್ಣನ್ನು ತೇವ ಮಾಡಿ ಒಂದು ವಾರ ಬಿಡುವುದು. ನಮ್ಮ ಲೆಕ್ಕದಲ್ಲಿ ಗುಂಟೆಗೆ ಸುಮಾರು 60 ಕಿಲೊ, ಎಕರೆಗೆ ಹತ್ತಿರ ಹತ್ತಿರ ಎರಡೂವರೆ ಟನ್. ಇಲ್ಲಿ ಬೇಕಾದದ್ದು ಸುಟ್ಟ ಸುಣ್ಣ. ಕೃಷಿಗೆ ಹಾಕುವ ಸುಣ್ಣದ ಕಲ್ಲಿನ ಪುಡಿಯಿಂದ ಈ ಕೆಲಸ ಆಗುವುದಿಲ್ಲ. ತೇವ ಮಾಡಿದ ಮೇಲೆ ಮಣ್ಣಿನ ಪಿಎಚ್ 12ಕ್ಕೆ ಏರಿ ಒಂದೆರಡು ದಿನ ಅಲ್ಲಿಯೇ ನಿಲ್ಲಬೇಕು. ಏರಿದೆಯೇ ಎಂದು ಅಳೆದು ನೋಡದೆ ಸುಣ್ಣದ ಚೀಲದ ಲೆಕ್ಕವನ್ನಷ್ಟೇ ನಂಬಿದರೆ ಹಣ ವ್ಯರ್ಥವಾಗಬಹುದು, ಏಕೆಂದರೆ ತೆರೆದಿಟ್ಟ ಸುಟ್ಟ ಸುಣ್ಣ ಕರಾವಳಿಯ ಗಾಳಿಯ ತೇವಕ್ಕೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಸುಣ್ಣ ಎರಚುವವರು ಕೈಗವಸು, ಕನ್ನಡಕ, ಮುಖಕ್ಕೆ ಬಟ್ಟೆ ಇಲ್ಲದೆ ಹೊಂಡಕ್ಕೆ ಇಳಿಯಲೇಬಾರದು. ಇದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ನೀರು

ಹೊಳೆಯಿಂದ ನೇರವಾಗಿ ಸಾಕುವ ಹೊಂಡಕ್ಕೆ ನೀರು ಹಾಯಿಸುವುದನ್ನು ಬಿಡುವುದು ಈ ಮಾರ್ಗದರ್ಶಿಯಲ್ಲಿ ಹೇಳುವ ಎಲ್ಲ ಕ್ರಮಗಳಲ್ಲಿ ಅತಿ ಮುಖ್ಯವಾದದ್ದೆಂದು ನನ್ನ ಅಭಿಪ್ರಾಯ. ಒಂದು ಹೊಂಡವನ್ನು ಸಂಗ್ರಹ ಹೊಂಡವಾಗಿ ಬಿಟ್ಟುಕೊಡಬೇಕಾಗುತ್ತದೆ. ಅಷ್ಟು ಜಾಗದ ಬೆಳೆ ಹೋಯಿತಲ್ಲ ಎಂಬ ಸಂಕಟ ಸಹಜ. ಆದರೆ ಸಂಗ್ರಹ ಹೊಂಡವಿಲ್ಲದವನು ಹೊಳೆಯಲ್ಲಿ ರೋಗವಿರುವ ದಿನವೂ ಅದೇ ಹೊಳೆಯ ನೀರನ್ನೇ ಎತ್ತಬೇಕಾಗುತ್ತದೆ. ಈಗ ಹೆಚ್ಚಾಗಿ ಸಾಕುವ ವನ್ನಾಮಿ ಜಾತಿಯ ಸಿಗಡಿಗೆ ಕರಾವಳಿ ಜಲಕೃಷಿ ಪ್ರಾಧಿಕಾರದ ಅನುಮತಿ ಬೇಕಾದವರಿಗೆ ಸಂಗ್ರಹ ಹೊಂಡ, ಹೊರಬಿಡುವ ನೀರಿನ ಶುದ್ಧೀಕರಣ, ಬೇಲಿ ಇವೆಲ್ಲ ಹೇಗೂ ಕಡ್ಡಾಯ.

ನೀರೆತ್ತುವಾಗ ಪಂಪಿನ ಬಾಯಿಗೆ ಒರಟು ಬಲೆ, ಹೊಂಡಕ್ಕೆ ಬೀಳುವ ಕಡೆ 250 ಮೈಕ್ರಾನ್ ಬಲೆಯ ಚೀಲವನ್ನು ಒಂದರೊಳಗೊಂದರಂತೆ ಎರಡು ಪದರ ಕಟ್ಟಬೇಕು. ಹರಿದ ಹೊಲಿಗೆಯನ್ನು ಪ್ರತಿದಿನ ಕೈಯಿಂದ ಮುಟ್ಟಿ ನೋಡಬೇಕು. ಬಲೆ ತಡೆಯುವುದು ಏಡಿಮರಿ, ಸಿಗಡಿ, ಮೀನುಗಳನ್ನು ಮಾತ್ರ. ಅವುಗಳ ಮೊಟ್ಟೆ ಮತ್ತು ಅತಿ ಸಣ್ಣ ಲಾರ್ವಾಗಳು ನುಸುಳುತ್ತವೆ. ಅದಕ್ಕಾಗಿ ಸಂಗ್ರಹ ಹೊಂಡ ತುಂಬಿದ ಮೇಲೆ ಎರಡು ದಿನ ಸುಮ್ಮನೆ ಬಿಟ್ಟು, ಮೊಟ್ಟೆಗಳು ಒಡೆಯಲು ಸಮಯ ಕೊಟ್ಟು, ಬಳಿಕ ಬ್ಲೀಚಿಂಗ್ ಪೌಡರ್ ಹಾಕುವುದು ಒಳ್ಳೆಯದು. ಸುಮಾರು 30 ಶೇಕಡಾ ಕ್ಲೋರಿನ್ ಇರುವ ಪೌಡರಾದರೆ ಒಂದು ಘನಮೀಟರ್ ನೀರಿಗೆ 60 ಗ್ರಾಮಿನಂತೆ ಹಾಕುವುದು ವಾಡಿಕೆ. ಒಂದು ಎಕರೆ ಹೊಂಡದಲ್ಲಿ ಒಂದು ಮೀಟರ್ ನೀರಿದ್ದರೆ ಅದು ಸುಮಾರು 4,050 ಘನಮೀಟರ್. ಪೌಡರ್ ಬೇಕಾಗುವುದು 240 ಕಿಲೊಗಿಂತ ಸ್ವಲ್ಪ ಹೆಚ್ಚು.

ಈ ಲೆಕ್ಕ ಕಾಗದದ ಮೇಲೆ ಸರಿಯಿದ್ದೂ ಹೊಂಡದಲ್ಲಿ ಕೈಕೊಡುವುದಕ್ಕೆ ಕಾರಣಗಳಿವೆ. ಚೀಲ ಒಡೆದು ವಾರಗಟ್ಟಲೆ ಶೆಡ್ಡಿನಲ್ಲಿಟ್ಟ ಪೌಡರಿನಲ್ಲಿ ಕ್ಲೋರಿನ್ ಅರ್ಧವೂ ಉಳಿದಿರುವುದಿಲ್ಲ. ಮುದ್ದೆಗಟ್ಟಿ ವಾಸನೆ ಮಂಕಾದ ಪೌಡರನ್ನು ನೆಚ್ಚಬಾರದು. ಪಿಎಚ್ ಹೆಚ್ಚಿರುವ ನೀರಿನಲ್ಲಿ ಕ್ಲೋರಿನ್ ಕೊಲ್ಲುವ ಶಕ್ತಿ ಕುಗ್ಗುವುದರಿಂದ ಸುಣ್ಣವನ್ನು ಮೊದಲು ಹಾಕಿ ಬ್ಲೀಚಿಂಗ್ ಅನ್ನು ಆಮೇಲೆ ಹಾಕುವುದು ತಪ್ಪು ಕ್ರಮ, ಸುಣ್ಣ ಕೊನೆಗಿರಲಿ. ಬಿಸಿಲು ಕ್ಲೋರಿನ್ನನ್ನು ಹಾಳುಮಾಡುವುದರಿಂದ ಸಂಜೆ ಹಾಕಬೇಕು. ಕದಡಿದ ನೀರಿನ ಕೆಸರು ಕ್ಲೋರಿನ್ನನ್ನು ನುಂಗುತ್ತದೆ, ಹಾಗಾಗಿ ನೀರು ತಿಳಿಯಾಗಲು ಬಿಡಬೇಕು. ಹಾಕಿದ ಮೇಲೆ ಏರಿಯೇಟರ್ ಓಡಿಸಿ ಎಲ್ಲೆಡೆ ಬೆರೆಸಿ, ಕನಿಷ್ಠ ಮೂರು ನಾಲ್ಕು ದಿನ ಬಿಟ್ಟು, ಕ್ಲೋರಿನ್ ಕಿಟ್ಟಿನಲ್ಲಿ ಬಣ್ಣ ಬಾರದು ಎಂದು ಖಚಿತವಾದ ಮೇಲೆಯೇ ಸಾಕುವ ಹೊಂಡಕ್ಕೆ ಹಾಯಿಸಬೇಕು.

ಉಬ್ಬರದ ನೀರನ್ನು ತೂಬಿನಿಂದ ಒಳಬಿಟ್ಟು ಇಳಿತಕ್ಕೆ ಬಲೆ ಕಟ್ಟಿ ಹಿಡಿಯುವ ಸಾಂಪ್ರದಾಯಿಕ ಗಜನಿಗಳಿಗೆ ಇದಾವುದೂ ಹೊಂದುವುದಿಲ್ಲ. ಅಲ್ಲಿ ಹೊಳೆಯ ಏಡಿ, ಸಿಗಡಿ, ಮೀನು ಎಲ್ಲವೂ ಒಳಗೆ ಬಂದು ಹೋಗುತ್ತವೆ. ಸಿಗಡಿ ವಿರಳವಾಗಿರುವುದೇ ಅವುಗಳಿಗಿರುವ ರಕ್ಷಣೆ. ಅಂಥ ತೆರೆದ ಗಜನಿಗೆ ಹ್ಯಾಚರಿಯ, ಅಂದರೆ ಮರಿ ಉತ್ಪಾದಿಸುವ ಕೇಂದ್ರದ, ಮರಿಯನ್ನು ದಟ್ಟವಾಗಿ ಬಿಡುವುದು ಎರಡು ಪದ್ಧತಿಗಳ ಅಪಾಯವನ್ನೂ ಒಟ್ಟುಮಾಡಿಕೊಂಡಂತೆ. ಹಾಗೆ ಮಾಡಬೇಡಿ.

ಮರಿ

ಮರಿಗಳು ಹೆಚ್ಚಾಗಿ ಬರುವುದು ಆಂಧ್ರ, ತಮಿಳುನಾಡಿನ ಹ್ಯಾಚರಿಗಳಿಂದ. 2009ರಲ್ಲಿ ಭಾರತ ಸರ್ಕಾರ ವನ್ನಾಮಿ ಸಾಕಣೆಗೆ ಅವಕಾಶ ಕೊಟ್ಟಾಗ, ಗೊತ್ತುಪಡಿಸಿದ ರೋಗಾಣುಗಳಿಂದ ಮುಕ್ತವಾದ ತಾಯಿಸಿಗಡಿಗಳನ್ನೇ ತರಬೇಕು, ಅವು ಚೆನ್ನೈನ ಜಲಚರ ಕ್ವಾರಂಟೈನ್ ಕೇಂದ್ರವನ್ನು ಹಾದೇ ಹ್ಯಾಚರಿಗೆ ಹೋಗಬೇಕು ಎಂಬ ನಿಯಮ ಮಾಡಿತು. ನಿಯಮ ಒಳ್ಳೆಯದು, ಆದರೆ ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ತಾಯಿ ರೋಗಮುಕ್ತವಾಗಿತ್ತು ಎಂದರೆ ಅದರ ಮರಿಗೆ ರೋಗ ನಿರೋಧಕ ಶಕ್ತಿ ಇದೆ ಎಂದಲ್ಲ. ಹ್ಯಾಚರಿಯೊಳಗೆ ತಾಯಿಸಿಗಡಿಗೆ ತಿನ್ನಿಸುವ ಜೀವಂತ ಹುಳುಗಳಿಂದಲೇ ಸೋಂಕು ಹೊಕ್ಕಿರಬಹುದು. ಹೊಂಡದಲ್ಲಿ ಬೆಳೆದ ಸಿಗಡಿಯನ್ನೇ ತಾಯಿಯಾಗಿ ಬಳಸಿ ಅಗ್ಗಕ್ಕೆ ಮರಿ ಮಾರುವವರೂ ಇದ್ದಾರೆ. ಪ್ರಾಧಿಕಾರದಲ್ಲಿ ನೋಂದಾಯಿಸಿದ ಹ್ಯಾಚರಿಯಲ್ಲದೆ ಬೇರೆಡೆಯಿಂದ ಮರಿ ತರಬಾರದು, ಬಿಲ್ಲಿಲ್ಲದ ಮರಿಯನ್ನು ಮುಟ್ಟಲೇಬಾರದು.

ಮರಿಯನ್ನು ಕೊಳ್ಳುವ ಮೊದಲು, ರೋಗಾಣುವಿನ ಡಿಎನ್‌ಎ ಇದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಬಿಳಿ ಚುಕ್ಕೆ ವೈರಸ್ ಮತ್ತು ಇಎಚ್‌ಪಿ ಎರಡಕ್ಕೂ ಮಾಡಿಸಬೇಕು. ಈ ಪರೀಕ್ಷೆಯನ್ನು ಎಷ್ಟು ನಂಬಬಹುದು ಎಂಬುದು ಮಾದರಿ ತೆಗೆಯುವ ರೀತಿಯಲ್ಲಿದೆ. ಲಕ್ಷಗಟ್ಟಲೆ ಮರಿಯಿರುವ ತೊಟ್ಟಿಯಲ್ಲಿ ನೂರಕ್ಕೆ ಎರಡಕ್ಕೆ ಸೋಂಕಿದೆ ಎಂದುಕೊಂಡರೆ, ಕಣ್ಣುಮುಚ್ಚಿ ತೆಗೆದ 150 ಮರಿಗಳಲ್ಲಿ ಒಂದಾದರೂ ಸೋಂಕಿತ ಮರಿ ಇರುವ ಸಂಭವ 95 ಶೇಕಡಾ. ಹತ್ತು ಹದಿನೈದು ಮರಿಗಳನ್ನು ತೆಗೆದು ಮಾಡಿಸಿದ ಪರೀಕ್ಷೆಯಲ್ಲಿ ‘ಇಲ್ಲ’ ಎಂದು ಬಂದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಪ್ರತಿ ತೊಟ್ಟಿಯಿಂದಲೂ ಬೇರೆ ಬೇರೆಯಾಗಿ, ಮೂಲೆ, ನಡು, ತಳ ಎಲ್ಲ ಕಡೆಯಿಂದ, ಮಂಕಾಗಿರುವ ಮರಿಗಳೂ ಸೇರುವಂತೆ ತೆಗೆಯಬೇಕು. ಸಾಧ್ಯವಾದರೆ ಬೆಳೆಗಾರರ ಕಡೆಯವರೊಬ್ಬರು ಹೋಗಿ ಎದುರಲ್ಲಿ ನಿಂತು ಮಾದರಿ ತೆಗೆಸಿ, ತೊಟ್ಟಿಯ ಸಂಖ್ಯೆ ಬರೆಸಿಕೊಂಡು, ಅದೇ ತೊಟ್ಟಿಯ ಮರಿಯನ್ನೇ ತುಂಬಿಸಿಕೊಂಡು ಬರಬೇಕು. ನಾಲ್ಕೈದು ಮಂದಿ ಒಟ್ಟಾಗಿ ಮರಿ ತರಿಸಿದರೆ ಈ ಖರ್ಚು ಹಗುರಾಗುತ್ತದೆ.

ಪಿಸಿಆರ್ ಜೊತೆಗೆ ಕಣ್ಣಿನ ಪರೀಕ್ಷೆಯೂ ಇರಲಿ. ಬಿಳಿ ಬೋಗುಣಿಯಲ್ಲಿ ಸ್ವಲ್ಪ ಮರಿ ಹಾಕಿ ನೀರನ್ನು ಬೆರಳಿನಿಂದ ತಿರುಗಿಸಿದರೆ, ಒಳ್ಳೆಯ ಮರಿ ಸುಳಿಗೆ ಎದುರಾಗಿ ಈಜಿ ಅಂಚಿಗೆ ಸರಿಯುತ್ತದೆ. ದುರ್ಬಲವಾದವು ನಡುವೆ ಗುಂಪಾಗಿ ಬೀಳುತ್ತವೆ. ಉಪ್ಪಿನಂಶವನ್ನು ತಟ್ಟನೆ ಅರ್ಧಕ್ಕೆ ಇಳಿಸಿದ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು, ಮತ್ತೆ ಅದರದೇ ನೀರಿಗೆ ಹಾಕಿದಾಗ ನೂರರಲ್ಲಿ 95 ಬದುಕಿದ್ದರೆ ತೊಟ್ಟಿ ಸ್ವೀಕಾರಾರ್ಹ. ಮರಿ ಹೊಂಡಕ್ಕೆ ಬಂದ ಮೇಲೆ ಚೀಲಗಳನ್ನು ನೀರಿನ ಮೇಲೆ ತೇಲಿಸಿ ಉಷ್ಣತೆ ಸರಿಹೊಂದಿಸಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಬಿಡಬೇಕು. ಚದರ ಮೀಟರಿಗೆ 60 ಮರಿ ಎಂಬುದು ವನ್ನಾಮಿಗೆ ಕಾನೂನಿನ ಗರಿಷ್ಠ ಮಿತಿ. ಅಷ್ಟನ್ನು ಬಿಡಲೇಬೇಕೆಂದಿಲ್ಲ; ಏರಿಯೇಟರ್ ಕಡಿಮೆ ಇರುವ, ವಿದ್ಯುತ್ ಪದೇ ಪದೇ ಹೋಗುವ ಕಡೆ ಅದರ ಅರ್ಧವೂ ಹೆಚ್ಚಾಗಬಹುದು.

ಏಡಿ, ಹಕ್ಕಿ, ಮನುಷ್ಯ

ಏಡಿಗಳು ರಾತ್ರಿ ದಂಡೆ ಹತ್ತಿ ಹೊಂಡದಿಂದ ಹೊಂಡಕ್ಕೆ ನಡೆಯುತ್ತವೆ. ಇಡೀ ಪ್ರದೇಶದ ಸುತ್ತ ಮೊಣಕಾಲೆತ್ತರದ ನಯವಾದ ಪ್ಲಾಸ್ಟಿಕ್ ಹಾಳೆ ಅಥವಾ ಸಣ್ಣ ಕಣ್ಣಿನ ಬಲೆಯನ್ನು, ಬುಡ ಮಣ್ಣಿನಲ್ಲಿ ಹೂತಿರುವಂತೆ, ಸ್ವಲ್ಪ ಹೊರಕ್ಕೆ ವಾಲಿಸಿ ಕಟ್ಟಬೇಕು. ನೀರು ತುಂಬುವ ಮೊದಲೇ ದಂಡೆಯ ಏಡಿ ಬಿಲಗಳಿಗೆ ಸುಣ್ಣ ಅಥವಾ ಬ್ಲೀಚಿಂಗ್ ತುಂಬಿ ಮುಚ್ಚಬೇಕು. ಕೀಟನಾಶಕ ಸುರಿದು ಏಡಿ ಕೊಲ್ಲುವವರಿದ್ದಾರೆ. ಅದು ಸಿಗಡಿಗೂ ವಿಷ, ಹೊಳೆಯ ಬದುಕಿಗೂ ವಿಷ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿಸಲಾಗಿದೆ. ಅಲ್ಲಿ ಇಳಿತದ ಹೊತ್ತಿಗೆ ಮಂಡಿಯುದ್ದ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕಿ ಬದುಕುವ ಕುಟುಂಬಗಳಿವೆ. ನಮ್ಮ ತೂಬಿನಿಂದ ಹೊರಬಿದ್ದದ್ದು ಮೊದಲು ತಲುಪುವುದು ಅವರ ಕಾಲಬುಡಕ್ಕೆ.

ಹಕ್ಕಿಗಳ ವಿಷಯದಲ್ಲಿ ಭಯ ಸ್ವಲ್ಪ ಅತಿಯಾಗಿದೆ. ಹಕ್ಕಿಯ ಹೊಟ್ಟೆಯನ್ನು ಹಾದುಬಂದ ವೈರಸ್ ಸೋಂಕು ತರುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಅಪಾಯವಿರುವುದು ಕಾಗೆ, ಹದ್ದು, ನೀರುಕಾಗೆಗಳು ಸತ್ತ ಸಿಗಡಿಯನ್ನು ಕಚ್ಚಿಕೊಂಡು ಹಾರುವಾಗ ಪಕ್ಕದ ಹೊಂಡಕ್ಕೆ ಬೀಳಿಸುವುದರಲ್ಲಿ. ಹೊಂಡದ ಮೇಲೆ ಅಡ್ಡಡ್ಡ ಹಗ್ಗ ಕಟ್ಟುವುದು, ಸತ್ತದ್ದನ್ನು ಕೂಡಲೇ ಎತ್ತುವುದು ಇದಕ್ಕೆ ಸಾಕು.

ಮನುಷ್ಯರಿಂದ ಬರುವ ಅಪಾಯವೇ ಇವೆರಡಕ್ಕಿಂತ ದೊಡ್ಡದು. ಕೊಯ್ಲಿನ ಗುಂಪು ನಿನ್ನೆ ಬೇರೊಂದು ಊರಿನ ರೋಗದ ಹೊಂಡದಲ್ಲಿ ಎಳೆದ ಬಲೆಯನ್ನೇ ಒದ್ದೆಯಾಗಿ ಹೆಗಲ ಮೇಲೆ ಹಾಕಿಕೊಂಡು ಇಂದು ನಿಮ್ಮ ಹೊಂಡಕ್ಕೆ ಇಳಿಯುತ್ತದೆ. ಮೇವಿನ ಕಂಪನಿಯ ಪ್ರತಿನಿಧಿ ದಿನಕ್ಕೆ ಹತ್ತು ಕಡೆ ಚೆಕ್ ಟ್ರೇ (ಸಿಗಡಿ ಮೇವು ತಿಂದಿದೆಯೇ ಎಂದು ನೋಡಲು ಹೊಂಡದಲ್ಲಿ ಇಳಿಬಿಡುವ ತಟ್ಟೆ) ಎತ್ತಿ ನೋಡುತ್ತಾನೆ. ಬೀಸುಬಲೆ, ಚೆಕ್ ಟ್ರೇ, ಬಕೆಟ್ ಪ್ರತಿ ಹೊಂಡಕ್ಕೂ ಬೇರೆಯಿರಲಿ, ಬೇರೆ ಬಣ್ಣದ ಹಗ್ಗ ಕಟ್ಟಿ ಗುರುತಿಸಿದರೆ ಕೆಲಸಗಾರರಿಗೂ ಗೊಂದಲವಾಗುವುದಿಲ್ಲ. ಬಾಗಿಲಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಅಥವಾ ಕ್ಲೋರಿನ್ ನೀರಿನ ಕಾಲುತೊಟ್ಟಿ ಇಟ್ಟು ಪ್ರತಿದಿನ ಬದಲಾಯಿಸಬೇಕು. ಹೊರಗಿನ ಬಲೆಯನ್ನು ಒಳಗೆ ಬಿಡಲೇಬಾರದು. ಮನೆಯಲ್ಲಿ ಸಾರಿಗೆ ಬಿಡಿಸಿದ ಸಿಗಡಿಯ ತಲೆ, ಏಡಿಯ ಚಿಪ್ಪುಗಳನ್ನು ಹೊಂಡಕ್ಕೋ ಅದರ ಕಾಲುವೆಗೋ ಎಸೆಯುವ ಅಭ್ಯಾಸವನ್ನು ಹೆಂಗಸರು, ಮಕ್ಕಳು, ಕಾವಲುಗಾರ ಎಲ್ಲರೂ ಬಿಡಬೇಕು. ಹೆಪ್ಪುಗಟ್ಟಿಸಿದ ಮಾಂಸದಲ್ಲೂ ಈ ವೈರಸ್ ಜೀವ ಉಳಿಸಿಕೊಳ್ಳುತ್ತದೆ. ಹಸಿ ಏಡಿ, ಹಸಿ ಸಿಗಡಿ ತಲೆಯನ್ನು ಮೇವಾಗಿ ಹಾಕುವ ಮಾತೇ ಬೇಡ.

ಮಳೆಗಾಲ

ಉಷ್ಣತೆ ಮತ್ತು ಉಪ್ಪಿನಂಶ ತಟ್ಟನೆ ಇಳಿದಾಗ ಸಿಗಡಿ ನಲುಗುತ್ತದೆ. ಮೈಯೊಳಗೆ ಅಲ್ಪ ಪ್ರಮಾಣದಲ್ಲಿ ಸುಮ್ಮನಿದ್ದ ಬಿಳಿ ಚುಕ್ಕೆ ವೈರಸ್ ಆಗ ಕೆರಳುತ್ತದೆ. ನೀರು 32, 33 ಡಿಗ್ರಿಯಷ್ಟು ಬೆಚ್ಚಗಿರುವಾಗ ಅದೇ ವೈರಸ್ಸಿನ ವೃದ್ಧಿ ಕುಗ್ಗುತ್ತದೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಮೇ ಕೊನೆಯೊಳಗೆ ಕೊಯ್ಲು ಮುಗಿಯುವಂತೆ ಮರಿ ಬಿಡುವ ದಿನವನ್ನು ಹಿಂದಕ್ಕೆ ಎಣಿಸಿ ಗೊತ್ತುಮಾಡುವುದು ಕ್ಷೇಮ. ಇನ್ನೊಂದು ತಿಂಗಳು ಬಿಟ್ಟರೆ ತೂಕ ಬರುತ್ತದೆ ಎಂದು ಜೂನ್ ಮಳೆಗೆ ಹೊಂಡವನ್ನು ಒಡ್ಡುವುದು ದೊಡ್ಡ ಜೂಜು.

ದಿನದಿನದ ಗಮನ

ರೋಗದ ಮೊದಲ ಸುಳಿವು ಚೆಕ್ ಟ್ರೇಯಲ್ಲಿ ಸಿಗುತ್ತದೆ. ನಿನ್ನೆ ಎರಡು ಗಂಟೆಯಲ್ಲಿ ಖಾಲಿಯಾಗುತ್ತಿದ್ದ ಮೇವು ಇಂದು ಉಳಿದಿದ್ದರೆ, ಹವೆ, ಪೊರೆ ಕಳಚುವಿಕೆ, ಆಮ್ಲಜನಕ ಇವುಗಳಲ್ಲಿ ಕಾರಣ ಹುಡುಕಿ. ಕಾರಣ ಸಿಗದಿದ್ದರೆ ಮರುದಿನದವರೆಗೆ ಕಾಯದೆ ಸಿಗಡಿ ಹಿಡಿದು ನೋಡಿ. ಕಾಗೆ, ಹದ್ದುಗಳು ಎಂದಿಗಿಂತ ಹೆಚ್ಚಾಗಿ ಒಂದೇ ಹೊಂಡದ ಮೇಲೆ ಸುತ್ತುತ್ತಿದ್ದರೆ ಅವು ನಮಗಿಂತ ಮೊದಲೇ ಮಂಕಾದ ಸಿಗಡಿಯನ್ನು ಕಂಡಿವೆ ಎಂದರ್ಥ.

ಮಂಕಾದ ಸಿಗಡಿಯ ತಲೆಚಿಪ್ಪನ್ನು ಕಳಚಿ, ಒಳಮೈ ಒರೆಸಿ, ಬೆಳಕಿಗೆ ಹಿಡಿಯಬೇಕು. ಬಿಳಿ ಚುಕ್ಕೆ ರೋಗವಾದರೆ ಅರ್ಧದಿಂದ ಎರಡು ಮಿಲಿಮೀಟರ್ ಗಾತ್ರದ ದುಂಡು ಚುಕ್ಕೆಗಳು ಚಿಪ್ಪಿನೊಳಗೇ ಹೂತಂತಿರುತ್ತವೆ, ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ಆದರೆ ಕೆಲವು ಬ್ಯಾಕ್ಟೀರಿಯಾಗಳಿಂದಲೂ, ನೀರಿನ ಕ್ಷಾರತೆ ಹೆಚ್ಚಾದಾಗಲೂ ಇಂಥದೇ ಚುಕ್ಕೆ ಬರುತ್ತವೆ. ಚುಕ್ಕೆಯೇ ಕಾಣದೆ ವೈರಸ್ಸಿನಿಂದ ಸಾಯುವುದೂ ಉಂಟು. ಆದ್ದರಿಂದ ಖಚಿತಪಡಿಸುವುದು ಪಿಸಿಆರ್ ಮಾತ್ರ. ಸಾಯುವ ಹಂತದ, ಇನ್ನೂ ಜೀವವಿರುವ ಸಿಗಡಿಗಳ ಕಿವಿರನ್ನು, ಇಎಚ್‌ಪಿ ಸಂದೇಹವಿದ್ದರೆ ಜೀರ್ಣಗ್ರಂಥಿಯನ್ನೂ, 95 ಶೇಕಡಾ ಎಥೆನಾಲ್‌ನಲ್ಲಿ ಹಾಕಿ ಕಳಿಸಬೇಕು. ಫಾರ್ಮಲಿನ್‌ನಲ್ಲಿ ಹಾಕಿದರೆ ಪಿಸಿಆರ್‌ಗೆ ಮಾದರಿ ಕೆಡುತ್ತದೆ. ಸತ್ತು ಕೆಂಪಾಗಿ ಕೊಳೆತ ಸಿಗಡಿ ಪ್ರಯೋಗಾಲಯಕ್ಕೆ ಉಪಯೋಗವಿಲ್ಲ.

ರೋಗ ಬಂದಾಗ

ಇಲ್ಲಿ ಬೆಳೆಗಾರನ ಮನಸ್ಸು ಹೇಳುವುದಕ್ಕೂ ಮಾಡಬೇಕಾದುದಕ್ಕೂ ವ್ಯತ್ಯಾಸವಿದೆ. ಸಿಗಡಿ ಸಾಯುತ್ತಿರುವಾಗ ನೀರು ಕೆಟ್ಟಿದೆ, ಬದಲಾಯಿಸೋಣ ಎನ್ನಿಸುತ್ತದೆ. ಇಲ್ಲವೇ ತೂಬು ಎತ್ತಿ ನೀರು ಬಸಿದು ಸಿಕ್ಕಷ್ಟು ಹಿಡಿಯೋಣ ಎನ್ನಿಸುತ್ತದೆ. ಎರಡನ್ನೂ ಮಾಡಬಾರದು. ತೂಬಿನ ಹಲಗೆಗಳನ್ನು ಇಳಿಸಿ, ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಒಂದು ತೊಟ್ಟು ನೀರೂ ಹೊರಗೆ ಹೋಗದಂತೆ ಮುಚ್ಚುವುದು ಮೊದಲ ಕೆಲಸ. ಆ ಹೊಂಡದ ನೀರು ಇಳಿತಕ್ಕೆ ಹೊಳೆ ಸೇರಿದರೆ ಮುಂದಿನ ಉಬ್ಬರಕ್ಕೆ ಅದು ಎಲ್ಲರ ತೂಬಿನ ಬಾಗಿಲಲ್ಲಿರುತ್ತದೆ, ನಿಮ್ಮದೇ ಪಕ್ಕದ ಹೊಂಡದ ಬಾಗಿಲಲ್ಲೂ.

ಎರಡನೆಯ ಕೆಲಸ ಅಕ್ಕಪಕ್ಕದವರಿಗೆ ಅದೇ ದಿನ ತಿಳಿಸುವುದು. ವ್ಯಾಪಾರಿಗೆ ಗೊತ್ತಾದರೆ ದರ ಇಳಿಸುತ್ತಾನೆ, ಊರಲ್ಲಿ ಹೆಸರು ಕೆಡುತ್ತದೆ ಎಂಬ ಭಯದಿಂದ ಮುಚ್ಚಿಡುವವರನ್ನು ದೂರುವುದು ಸುಲಭ. ಅವರ ಹೆದರಿಕೆಗೆ ಕಾರಣವಿದೆ. ಅದಕ್ಕೇ ರೋಗ ತಿಳಿಸಿದವನ ಸಿಗಡಿಯನ್ನು ಮೊದಲು ಮಾರಿಸಿಕೊಡುವ ಒಪ್ಪಂದವನ್ನು ಬೆಳೆಗಾರರ ಗುಂಪು ಬೆಳೆಯ ಆರಂಭದಲ್ಲೇ ಮಾಡಿಕೊಂಡಿರಬೇಕು. ಸುದ್ದಿ ತಿಳಿದ ನೆರೆಯವರು ತಮ್ಮ ತೂಬುಗಳನ್ನು ಮುಚ್ಚಿ, ಹೊಳೆಯ ನೀರು ಎತ್ತುವುದನ್ನು ನಿಲ್ಲಿಸಿ, ಮೇವು ತಗ್ಗಿಸಿ, ಏರಿಯೇಟರ್ ಹೆಚ್ಚು ಹೊತ್ತು ಓಡಿಸಿ ಕಾಯಬೇಕು.

ಸಿಗಡಿ ಮಾರುವ ಗಾತ್ರಕ್ಕೆ ಬಂದಿದ್ದರೆ ನೀರು ಬಸಿಯದೆ, ಬಲೆ ಎಳೆದೇ ಹಿಡಿದು, ದಂಡೆಯ ಮೇಲೆ ತೊಳೆದ ನೀರು ಅದೇ ಹೊಂಡಕ್ಕೆ ಮರಳುವಂತೆ ನೋಡಿಕೊಂಡು, ಸೋರದ ಪೆಟ್ಟಿಗೆಯಲ್ಲಿ ಐಸ್ ಹಾಕಿ ಸಾಗಿಸಬೇಕು. ಗಾತ್ರ ಬಂದಿರದಿದ್ದರೆ ಉಳಿದದ್ದನ್ನೆಲ್ಲ ಹೊಂಡದಲ್ಲೇ ಬ್ಲೀಚಿಂಗ್ ಹಾಕಿ ಕೊಲ್ಲುವುದು ಕಠಿಣ ನಿರ್ಧಾರ, ಆದರೆ ಅದೇ ಸರಿಯಾದುದು. ಎರಡೂ ಸಂದರ್ಭದಲ್ಲಿ ಉಳಿದ ನೀರಿಗೆ ಸಂಗ್ರಹ ಹೊಂಡಕ್ಕೆ ಹೇಳಿದ ಪ್ರಮಾಣಕ್ಕಿಂತ ಕಡಿಮೆಯಿಲ್ಲದಂತೆ ಬ್ಲೀಚಿಂಗ್ ಹಾಕಬೇಕು. ಮೇವು, ಹಿಕ್ಕೆ, ಸತ್ತ ಸಿಗಡಿ ತುಂಬಿದ ನೀರು ಕ್ಲೋರಿನ್ನನ್ನು ಬೇಗ ನುಂಗುವುದರಿಂದ ಮರುದಿನ ಕಿಟ್ಟಿನಲ್ಲಿ ನೋಡಿ ಬೇಕಿದ್ದರೆ ಮತ್ತೆ ಹಾಕಬೇಕು. ಕನಿಷ್ಠ ಒಂದು ವಾರ ಹಿಡಿದಿಟ್ಟು, ಕ್ಲೋರಿನ್ ಪೂರ್ತಿ ಹೋಗಿದೆ ಎಂದು ಖಚಿತವಾದ ಮೇಲೆ, ನೆರೆಯವರಿಗೆ ದಿನ ಹೇಳಿ ನೀರು ಬಿಡಬೇಕು. ಸತ್ತ ಸಿಗಡಿಯನ್ನು ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಗುಂಡಿ ತೆಗೆದು ಸುಟ್ಟ ಸುಣ್ಣದೊಂದಿಗೆ ಹೂಳಬೇಕು. ಹೊಂಡಕ್ಕಿಳಿದ ಕೆಲಸಗಾರರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಬೇರೆ ಹೊಂಡದ ದಂಡೆಗೂ ಹೋಗಬಾರದು. ಬಲೆಗಳನ್ನು ಕ್ಲೋರಿನ್ ನೀರಿನಲ್ಲಿ ನೆನೆಸಿ ಗರಿಗರಿಯಾಗುವಂತೆ ಬಿಸಿಲಲ್ಲಿ ಒಣಗಿಸಬೇಕು.

ಸರ್ಕಾರಕ್ಕೂ ತಿಳಿಸಬೇಕು. ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ ಕೂಡ ಬಂದಿದೆ, ಅದರಲ್ಲಿ ಚಿತ್ರಸಹಿತ ವರದಿ ಮಾಡಬಹುದು. ತಾಲ್ಲೂಕಿನ ಮೀನುಗಾರಿಕೆ ಇಲಾಖೆ, ಮಂಗಳೂರಿನ ಮೀನುಗಾರಿಕಾ ಕಾಲೇಜು, ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ ಇವು ಸಲಹೆಗೆ ನೆಚ್ಚಬಹುದಾದ ಕಡೆಗಳು.

ಒಂದೇ ಹೊಳೆಯವರು ಒಟ್ಟಾಗುವುದು

ಸಣ್ಣ ಬೆಳೆಗಾರ ಒಬ್ಬನೇ ಎಷ್ಟು ಶಿಸ್ತಿನಿಂದಿದ್ದರೂ ಹೊಳೆ ಅವನೊಬ್ಬನದಲ್ಲ. ಆಂಧ್ರಪ್ರದೇಶದಲ್ಲಿ 2000ದ ಬಳಿಕ ಸಾಗರೋತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ (ಎಂಪಿಇಡಿಎ) ಮತ್ತು ಏಷ್ಯಾ ಪೆಸಿಫಿಕ್ ದೇಶಗಳ ಜಲಕೃಷಿ ಜಾಲ ಸೇರಿ ನಡೆಸಿದ ಯೋಜನೆಯಲ್ಲಿ, ಮೊಗಲ್ತೂರಿನಂಥ ಹಳ್ಳಿಗಳ ಸಣ್ಣ ಬೆಳೆಗಾರರು ಸಂಘ ಕಟ್ಟಿಕೊಂಡು, ಒಟ್ಟಾಗಿ ಮರಿ ಪರೀಕ್ಷಿಸಿ ತರಿಸಿ, ಒಂದೇ ಸಮಯದಲ್ಲಿ ಬಿಟ್ಟು, ರೋಗ ಬಂದರೆ ನೀರು ಬಿಡುವುದಿಲ್ಲವೆಂದು ಒಪ್ಪಿಕೊಂಡರು. ರೋಗದ ಹಾವಳಿ ತಗ್ಗಿತು. ಆ ಅನುಭವದ ಮೇಲೆಯೇ ಸುಸ್ಥಿರ ಜಲಕೃಷಿಯ ರಾಷ್ಟ್ರೀಯ ಕೇಂದ್ರ 2007ರಲ್ಲಿ ಸ್ಥಾಪನೆಯಾಯಿತು. ಇದನ್ನು ಮಾಡಲು ನಮ್ಮಲ್ಲಿ ದೊಡ್ಡ ಸಂಸ್ಥೆ ಬೇಕಿಲ್ಲ. ಒಂದು ಹೊಳೆಯ ನೀರೆತ್ತುವ ಎಲ್ಲರೂ ಮಳೆಗಾಲದಲ್ಲಿ ಒಮ್ಮೆ ಕುಳಿತು ಮರಿ ಬಿಡುವ ಹದಿನೈದು ದಿನಗಳ ಅವಧಿ, ಹೊಂಡ ಒಣಗಿಸಲು ಎಲ್ಲರೂ ಖಾಲಿ ಬಿಡುವ ತಿಂಗಳು, ನೀರೆತ್ತುವ ಮತ್ತು ಬಿಡುವ ಉಬ್ಬರ ಇಳಿತಗಳ ಸರದಿ ಇಷ್ಟನ್ನು ಗೊತ್ತುಮಾಡಿದರೆ ಸಾಕು. ಒಬ್ಬರ ಹೊಂಡದಲ್ಲಿ ನೂರು ದಿನದ ಸಿಗಡಿ ಇರುವಾಗ ಇನ್ನೊಬ್ಬರು ಮರಿ ಬಿಡುವ ಪದ್ಧತಿ ಇರುವ ತನಕ ಹೊಳೆಯಲ್ಲಿ ವೈರಸ್ಸಿಗೆ ಆತಿಥೇಯರ ಕೊರತೆಯೇ ಇರುವುದಿಲ್ಲ.

ಪ್ರತಿ ಹೊಂಡಕ್ಕೂ ಒಂದು ಪುಸ್ತಕ ಇಡಿ. ಮರಿಯ ಬಿಲ್ಲು, ತೊಟ್ಟಿಯ ಸಂಖ್ಯೆ, ಪಿಸಿಆರ್ ವರದಿ ಅದರಲ್ಲೇ ಅಂಟಿಸಿರಲಿ. ನೀರೆತ್ತಿದ ದಿನ, ಹಾಕಿದ ಬ್ಲೀಚಿಂಗ್, ಚೆಕ್ ಟ್ರೇಯಲ್ಲಿ ಉಳಿದ ಮೇವು, ಎತ್ತಿದ ಸತ್ತ ಸಿಗಡಿಗಳ ಸಂಖ್ಯೆ, ಹೊರಗಿನಿಂದ ಬಂದವರ ಹೆಸರು ಬರೆದಿರಲಿ. ರೋಗ ಬಂದಾಗ ಅದು ಮರಿಯಿಂದ ಬಂದಿತೇ, ನೀರಿನಿಂದ ಬಂದಿತೇ ಎಂದು ಹುಡುಕುವ ತಜ್ಞರು ಮೊದಲು ಕೇಳುವುದು ಈ ಪುಸ್ತಕವನ್ನು, ಮತ್ತು ಮುಂದಿನ ಬಾರಿ ಯಾವ ಹ್ಯಾಚರಿಯಿಂದ ಮರಿ ತರಬೇಕೆಂದು ಊರವರೆಲ್ಲ ಸೇರಿ ನಿರ್ಧರಿಸುವಾಗ ಬಿಚ್ಚಿ ನೋಡಬೇಕಾದದ್ದೂ ಇದನ್ನೇ.